ಚುನಾವಣೆಗೆ ನಿಲ್ಲುವ ಮುನ್ನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಡಿಗ್ರಿ ಮುಗಿಸಿದ ಹುಡುಗರು, ಹುಡುಗಿಯರು ಹಿರಿಯರ ಮುಂದೆ ಇಡುವ ಪ್ರಶ್ನೆಯೊಂದಿದೆ: "ಸರ, ರಾಜಕಾರಣಕ್ಕ ಇಳೀಲೇನ್ರಿ? ಇಲೆಕ್ಷನ್ನಿಗೆ ನಿಲ್ಲಲೇನ್ರಿ?" ಮನೆಯಲ್ಲಿ ಕೇಳಿದರೆ ಅಪ್ಪ ಬೇಡವೆನ್ನುತ್ತಾರೆ. ಕಟ್ಟೆಯ ಮೇಲೆ ಕೇಳಿದರೆ ಗೆಳೆಯರು ನಾಳೆಯೇ ಬ್ಯಾನರ್ ಕಟ್ಟೋಣ ಎನ್ನುತ್ತಾರೆ. ಎರಡೂ ಅವಸರದ ಉತ್ತರಗಳು. ಒಬ್ಬ ಮನುಷ್ಯನ ಆಯುಷ್ಯದ ಪ್ರಶ್ನೆ ಇದು, ಒಂದು ಊರಿನ ಭವಿಷ್ಯದ ಪ್ರಶ್ನೆಯೂ ಹೌದು. ಆದ್ದರಿಂದ ಇವತ್ತು ಇದನ್ನೇ ನಿಮ್ಮ ಜತೆ ವಿಚಾರ ಮಾಡಬೇಕೆಂದಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಲ್ಲಿ, ಖಂಡಿತ ನಿಲ್ಲಿ. ಆದರೆ ಹೊಟ್ಟೆಪಾಡಿಗೆ ನಿಮ್ಮದೇ ಒಂದು ದಾರಿ ಇರಲಿ. ಊರಿನ ಯಾವುದಾದರೊಂದು ಕೆಲಸ ಮೊದಲೇ ನಿಮ್ಮ ಕೈ ಹತ್ತಿರಲಿ. ಶುರುವಾತು ನಿಮ್ಮ ವಾರ್ಡಿನಿಂದ ಆಗಲಿ. ಈ ಮೂರೂ ಇಲ್ಲದವರು ಇನ್ನೊಂದಿಷ್ಟು ದಿನ ಕಾಯುವುದು ಅವರಿಗೂ ಒಳ್ಳೆಯದು, ಊರಿಗೂ ಒಳ್ಳೆಯದು.

ಕೊಗನೊಳ್ಳಿಯನ್ನೇ ನೋಡಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕದ ಅಂಚಿನ ಊರು. ದೂಧಗಂಗಾ ನದಿ ದಾಟಿದರೆ ಮಹಾರಾಷ್ಟ್ರದ ಕಾಗಲ್, ಅಲ್ಲಿಂದ ಕೊಲ್ಹಾಪುರ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ ಇಲ್ಲಿಯ ಟೋಲ್ ನಾಕಾದ ಹತ್ತಿರ ಬ್ಯಾರಿಕೇಡ್ ಬೀಳುತ್ತವೆ, ಪೊಲೀಸ್ ವ್ಯಾನುಗಳು ಬಂದು ನಿಲ್ಲುತ್ತವೆ. ಗಡಿ ವಿವಾದದ ಹೆಸರಿನಲ್ಲಿ ಆಚೆಯಿಂದ ಬರುವ ನಾಯಕರನ್ನು ತಡೆಯುತ್ತಾರೆ, ಟಿವಿ ಕ್ಯಾಮೆರಾಗಳು ಓಡಿಬರುತ್ತವೆ. ಇದನ್ನೇ ನೋಡುತ್ತ ಬೆಳೆದ ಹುಡುಗನಿಗೆ ರಾಜಕಾರಣ ಎಂದರೆ ಘೋಷಣೆ, ಬಿಳಿ ಕಾರುಗಳ ಸಾಲು, ಕೊರಳಿಗೆ ಶಾಲು ಎಂಬ ಕಲ್ಪನೆ ಬಂದರೆ ಆಶ್ಚರ್ಯವಿಲ್ಲ. ಆದರೆ ಈ ಸೀಮೆಯಲ್ಲಿ ಇನ್ನೊಂದು ರಾಜಕಾರಣವೂ ನಡೆದಿದೆ. ನಿಮಗೆ ಮೊದಲು ಪರಿಚಯವಾಗಬೇಕಾದದ್ದು ಅದು.

1925ರ ಏಪ್ರಿಲ್ ತಿಂಗಳಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು ನಡೆಯಿತು. ಅಧ್ಯಕ್ಷತೆ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರದು. ಅದಕ್ಕೂ ಐದು ವರ್ಷ ಮೊದಲು, 1920ರ ಮಾರ್ಚಿನಲ್ಲಿ, ನಮಗೆ ಸಮೀಪದ ಮಾಣಗಾವದ ಪರಿಷತ್ತಿನಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರೇ ಬಂದು ಅಂಬೇಡ್ಕರರ ಬೆನ್ನಿಗೆ ನಿಂತಿದ್ದರು. ಈ ಚಳವಳಿಯಲ್ಲಿ ಬೆಳೆದು ಬಂದವರು ಬಳವಂತ ಹನಮಂತರಾವ ವರಾಳೆ. ಧಾರವಾಡದಲ್ಲಿ ಅಂಬೇಡ್ಕರ್ ಆರಂಭಿಸಿದ ವಿದ್ಯಾರ್ಥಿನಿಲಯದ ಹೊಣೆ ಹೊತ್ತು, ಓದುವ ಬಡ ಮಕ್ಕಳಿಗೆ ಅನ್ನ, ನೆರಳು ಒದಗಿಸುವ ಕೆಲಸ ಮಾಡಿದರು. 1937ರಲ್ಲಿ ಮುಂಬಯಿ ವಿಧಾನಸಭೆಗೆ ಚುನಾವಣೆ ಬಂದಾಗ ಅಂಬೇಡ್ಕರರ ಸ್ವತಂತ್ರ ಮಜೂರ ಪಕ್ಷದಿಂದ ಬೆಳಗಾವಿ ಉತ್ತರದಲ್ಲಿ ನಿಂತು ಗೆದ್ದರು. ಇಲ್ಲಿಯ ಕ್ರಮವನ್ನು ಗಮನಿಸಿ. ಮೊದಲು ಪರಿಷತ್ತು, ಆಮೇಲೆ ವಸತಿನಿಲಯ, ಕೊನೆಗೆ ಚುನಾವಣೆ. ಮತ ಕೇಳಲು ಹೋಗುವ ಹೊತ್ತಿಗೆ ಅವರ ಕೆಲಸ ಜನರ ಮನೆ ತಲುಪಿ ವರ್ಷಗಳೇ ಆಗಿದ್ದವು.

ಇನ್ನೊಂದು ಉದಾಹರಣೆ ನಿಮ್ಮ ತಂದೆ ತಾಯಿಯ ಕಾಲದ್ದು. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ರೈತ ನಾಯಕ ಶರದ ಜೋಶಿಯವರ ಮುಂದಾಳ್ತನದಲ್ಲಿ ಸಾವಿರಾರು ರೈತರು ನಿಪ್ಪಾಣಿಯಲ್ಲಿ ಹೆದ್ದಾರಿಯ ಮೇಲೆಯೇ ಕುಳಿತರು. ಮಾರ್ಚಿನಲ್ಲಿ ಶುರುವಾದ ಆ ಧರಣಿ ಏಪ್ರಿಲ್ 6ರಂದು ಪೊಲೀಸರ ಗೋಲಿಬಾರಿನಲ್ಲಿ ಮುಗಿಯಿತು. ರೈತರು ಪ್ರಾಣ ಕೊಟ್ಟರು. ಅದೇ ಕಾಲದಲ್ಲಿ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಘಟನೆ ಕಟ್ಟಿ ಕೂಲಿಗಾಗಿ, ಮರ್ಯಾದೆಗಾಗಿ ಹೋರಾಡಿದರು. ಅವರ ಹೋರಾಟದ ಮೇಲೆ ದೀಪಾ ಧನರಾಜ್ ಮತ್ತು ಯುಗಾಂತರ ತಂಡದವರು 1982ರಲ್ಲಿ ಸಾಕ್ಷ್ಯಚಿತ್ರವನ್ನೇ ಮಾಡಿದರು. ಅಕ್ಷರ ಬಾರದ ಎಷ್ಟೋ ತಾಯಂದಿರು ಆ ವಖಾರಿಯ ದೂಳಿನಲ್ಲಿ ನಿಂತು ಮಾಲಕರ ಜತೆ ಮಾತುಕತೆ ನಡೆಸುವುದನ್ನು ಕಲಿತರು. ಅದೂ ರಾಜಕಾರಣವೇ. ಈ ಕಾರ್ಮಿಕರ ನಡುವೆ ಕೆಲಸ ಮಾಡಿದ ಪ್ರಾಧ್ಯಾಪಕ ಸುಭಾಷ ಜೋಶಿ ಮುಂದೆ ನಿಪ್ಪಾಣಿಯ ಶಾಸಕರಾದರು. ಬೆಳಗಾವಿ ಜಿಲ್ಲೆಯಲ್ಲೇ ರೈತ ಸಂಘದಿಂದ ಬಂದ ಬಾಬಾಗೌಡ ಪಾಟೀಲರು 1989ರಲ್ಲಿ ವಿಧಾನಸಭೆಗೆ ಹೋದರು. 1998ರಲ್ಲಿ ಲೋಕಸಭೆಗೆ ಆರಿಸಿ ಬಂದು ಕೇಂದ್ರದಲ್ಲಿ ಮಂತ್ರಿಯೂ ಆದರು. ಇವರೆಲ್ಲರ ಬೆನ್ನಿಗೆ ಇದ್ದದ್ದು ದುಡಿಯುವ ಜನರ ನಂಬಿಕೆ.

ಕೆಲವರು ಕೇಳುತ್ತಾರೆ: ಸಮಾಜಸೇವೆ ಮಾಡಿದರೆ ಸಾಲದೇ, ಖುರ್ಚಿ ಯಾಕೆ ಬೇಕು? ಅದಕ್ಕೆ ಉತ್ತರವೂ ನಮ್ಮ ನೆರೆಯಲ್ಲೇ ಇದೆ. ನಮ್ಮ ರಾಯಬಾಗ ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1902ರಲ್ಲಿ ಶಾಹೂ ಮಹಾರಾಜರು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50ರಷ್ಟು ಸ್ಥಾನ ಮೀಸಲಿಡುವ ಆಜ್ಞೆ ಹೊರಡಿಸಿದರು. ಒಂದು ಸಹಿ ಎಷ್ಟೋ ಮನೆಗಳ ಬಾಗಿಲು ತೆರೆಯಿತು. ಹೋರಾಟ ಪ್ರಶ್ನೆ ಎತ್ತುತ್ತದೆ, ತೀರ್ಮಾನ ಮಾಡುವುದು ಅಧಿಕಾರ. ಒಳ್ಳೆಯವರು ಆ ಜಾಗವನ್ನು ಖಾಲಿ ಬಿಟ್ಟರೆ ಅದು ಖಾಲಿ ಉಳಿಯುವುದಿಲ್ಲ. ಬೇರೆ ಯಾರೋ ಬಂದು ಕೂರುತ್ತಾರೆ, ಅವರ ಸಹಿಯ ಫಲವನ್ನು ನಾವೆಲ್ಲ ಉಣ್ಣುತ್ತೇವೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ನಮ್ಮ ಭಾಗದಲ್ಲಿ ರಾಜಕಾರಣದ ಮೆಟ್ಟಿಲುಗಳು ಬಹುಮಟ್ಟಿಗೆ ಸಹಕಾರಿ ಸಂಸ್ಥೆಗಳ ಒಳಗೆ ಇವೆ. ಊರಿನ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸೊಸಾಯಿಟಿಯ ಡೈರೆಕ್ಟರ್, ಆಮೇಲೆ ಜಿಲ್ಲೆಯ ಡಿಸಿಸಿ ಬ್ಯಾಂಕು, ಆಮೇಲೆ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿ, ಅಲ್ಲಿಂದ ವಿಧಾನಸಭೆಯ ಟಿಕೆಟ್. ಕಾರಣ ಸರಳ. ಬೆಳೆಸಾಲ ಕೊಡುವುದು ಸೊಸಾಯಿಟಿ. ಕಬ್ಬು ಯಾವಾಗ ಕಡಿಯಬೇಕು, ಬಿಲ್ಲು ಯಾವಾಗ ಜಮಾ ಆಗಬೇಕು ಎಂಬುದು ಫ್ಯಾಕ್ಟರಿಯ ಕೈಯಲ್ಲಿ. ಕಬ್ಬು ಗದ್ದೆಯಲ್ಲೇ ಒಣಗಿದರೆ ತೂಕ ಇಳಿಯುತ್ತದೆ, ರೈತ ಸೋಲುತ್ತಾನೆ. ಹಾಗಾಗಿ ಕಟಾವಿನ ಚೀಟಿ ಕೊಡಿಸಬಲ್ಲವನ ಮಾತಿಗೆ ಊರಲ್ಲಿ ತೂಕ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಕಾರ್ಖಾನೆಗಳ ಚುನಾವಣೆಗೆ ವಿಧಾನಸಭೆ ಚುನಾವಣೆಯಷ್ಟೇ ಕಾವು ಏರುವುದು ಇದಕ್ಕಾಗಿಯೇ. ಸಹಕಾರಿ ಕ್ಷೇತ್ರ ಈ ನಾಡಿಗೆ ಬಹಳ ಕೊಟ್ಟಿದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಅದು. ಹೊಲವಿದ್ದ ರೈತನ ಮಗ ಆ ಮೆಟ್ಟಿಲು ಹತ್ತಿದರೆ ತಪ್ಪಿಲ್ಲ. ಲೆಕ್ಕಪತ್ರ ಕಲಿಯುತ್ತಾನೆ, ನಾಲ್ಕು ಜನರ ಹಣ ಕಾಯುವ ಜವಾಬ್ದಾರಿ ಕಲಿಯುತ್ತಾನೆ. ಆದರೆ ಹೊಲವಿಲ್ಲದ, ಶೇರು ಇಲ್ಲದ ಕೂಲಿಕಾರನ ಮಗಳಿಗೆ ಆ ಮೆಟ್ಟಿಲಿನ ಬುಡವೇ ಸಿಗುವುದಿಲ್ಲ.

ಅವಳಿಗೂ ತೆರೆದಿರುವ ಬಾಗಿಲು ಗ್ರಾಮ ಪಂಚಾಯತಿ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಬಂದ 1983ರ ರಾಜ್ಯದ ಪಂಚಾಯತಿ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನ ಸಿಕ್ಕಿತು. ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ. ಈಗ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ನಿಲ್ಲಲು 21 ವರ್ಷ ತುಂಬಿದ್ದರೆ ಸಾಕು. ವಿಧಾನಸಭೆಗೆ 25 ಬೇಕು. ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಆದ್ದರಿಂದ ಟಿಕೆಟ್ಟಿಗಾಗಿ ಯಾರ ಮನೆಯ ಬಾಗಿಲಲ್ಲೂ ಕಾಯಬೇಕಿಲ್ಲ. ನಾಲ್ಕು ನೂರು ಜನ ಎಂದರೆ ನಿಮ್ಮ ಓಣಿ, ಪಕ್ಕದ ಓಣಿ. ಎಲ್ಲರ ಮನೆಯ ಕಷ್ಟ ನಿಮಗೆ ಗೊತ್ತು, ನಿಮ್ಮ ನಡತೆ ಅವರೆಲ್ಲರಿಗೂ ಗೊತ್ತು. ಅಲ್ಲಿ ಮುಖವಾಡ ಹಾಕಿಕೊಂಡು ಗೆಲ್ಲುವುದು ಕಷ್ಟ.

ಪಂಚಾಯತಿ ಮೆಂಬರಿಕೆ ಸಣ್ಣದು ಎಂದು ಯಾರೂ ತಿಳಿಯಬೇಡಿ. ಕುಡಿಯುವ ನೀರು, ಗಟಾರು, ಬೀದಿದೀಪ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಮನೆಯ ಉತಾರ, ಕೂಲಿ ಕೆಲಸದ ಯೋಜನೆ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತವೆ. ಒಂದು ಉದಾಹರಣೆ ಕೊಡುತ್ತೇನೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ನಮ್ಮ ಐದೂ ತಾಲ್ಲೂಕುಗಳ ನದಿದಂಡೆಯ ಜನ ಮನೆ ಬಿಟ್ಟು ಹೊರಬಂದದ್ದು ನೆನಪಿದೆಯಲ್ಲವೇ? 2021ರ ಜುಲೈನಲ್ಲಿ ಮತ್ತೆ ನೀರು ಬಂತು. 2019ರಲ್ಲಿ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಸರ್ವೆಗೆ ಬಂದವರು ಬರೆದ ಒಂದು ಅಕ್ಷರದ ಮೇಲೆ ಒಂದು ಕುಟುಂಬಕ್ಕೆ ಮನೆ ಕಟ್ಟುವಷ್ಟು ಹಣವೋ, ಗೋಡೆ ತೇಪೆ ಹಾಕುವಷ್ಟು ಹಣವೋ ಎಂಬುದು ನಿಂತಿತ್ತು. ಅಂಥ ಹೊತ್ತಿನಲ್ಲಿ ಸರ್ವೆಯವರ ಜತೆ ಓಣಿ ಓಣಿ ತಿರುಗಿ, "ಈ ಅಜ್ಜಿ ಗಂಜಿ ಕೇಂದ್ರದಾಗ ಇದ್ದಾಳ್ರಿ, ಆಕಿ ಮನಿ ಬಿಡಬ್ಯಾಡ್ರಿ" ಎಂದು ಹೇಳಬಲ್ಲ ಮೆಂಬರ್ ಊರಿಗೆ ಬೇಕು. ಫಾರ್ಮು ಓದಬಲ್ಲ, ನಿಯಮ ತಿಳಿದ, ಅಧಿಕಾರಿಯ ಮುಂದೆ ಗೌರವದಿಂದ, ಅಂಜದೆ ಮಾತಾಡಬಲ್ಲ ಒಬ್ಬ ಸದಸ್ಯನಿಂದ ಎಷ್ಟು ಮನೆ ಉಳಿಯುತ್ತವೆ ಎಂಬುದನ್ನು ನೆರೆ ಕಂಡ ಊರಿನವರಿಗೆ ನಾನು ಹೇಳಬೇಕಿಲ್ಲ.

ಇನ್ನು ಹಣದ ಮಾತು. ಇದನ್ನು ಮುಚ್ಚಿಡಬಾರದು. ವಿಧಾನಸಭೆಗೆ ನಾಮಪತ್ರ ಸಲ್ಲಿಸಲು ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಪಕ್ಷೇತರನಿಗೆ ಹತ್ತು ಜನ ಸೂಚಕರು ಬೇಕು. ಆಸ್ತಿ, ಸಾಲ, ವಿದ್ಯೆ, ಮೇಲಿರುವ ಕೇಸುಗಳು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಪಾಲು ಬಾರದಿದ್ದರೆ ಠೇವಣಿ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನಗಳಲ್ಲಿ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ದರೆ ಮೂರು ವರ್ಷದವರೆಗೆ ಅನರ್ಹತೆ ಬರಬಹುದು. ಕಾನೂನಿನ ಖರ್ಚೇ ಇಷ್ಟು. ಇದರ ಆಚೆಗೆ ಊಟ, ಜೀಪು, ಕವರು ಎಂದು ಹೊಲ ಮಾರಿದವರನ್ನು, ಹೆಂಡತಿಯ ಬಂಗಾರ ಒತ್ತೆ ಇಟ್ಟವರನ್ನು ನೀವೆಲ್ಲ ಕಂಡಿದ್ದೀರಿ. ಹೊಲ ಮಾರಿ ಗೆದ್ದವನು ಆ ಹೊಲವನ್ನು ಮರಳಿ ಪಡೆಯುವ ಯೋಚನೆಯಲ್ಲೇ ಐದು ವರ್ಷ ಕಳೆಯುತ್ತಾನೆ. ಆ ಹಣ ಬರುವುದು ರಸ್ತೆಯ ಡಾಂಬರಿನಿಂದ, ಶಾಲೆಯ ಛಾವಣಿಯಿಂದ, ಬಡವರ ಮನೆಯ ಕಂತಿನಿಂದ. ಆದ್ದರಿಂದ ಒಂದು ಎಕರೆಯನ್ನೂ ಮಾರಿ ಚುನಾವಣೆಗೆ ನಿಲ್ಲಬೇಡಿ. ಇದು ನನ್ನ ಸ್ಪಷ್ಟ ಮಾತು.

ಹಣವಿಲ್ಲದೆ ಗೆಲ್ಲಲಾಗದೇ? ಮಲೆನಾಡಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಜನರ ಬಳಿ ಒಂದು ವೋಟು, ಒಂದು ನೋಟು ಕೇಳಿ ಗೆದ್ದು ವಿಧಾನಸಭೆಗೆ ಹೋದರು. ಅದಕ್ಕೆ ಹಿಂದಿನ ವರ್ಷವೇ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ಅವರು ಗೇಣಿದಾರರ ಪಕ್ಕದಲ್ಲಿ ನಿಂತಿದ್ದರು. ಕಾಲ ಬದಲಾಗಿದೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಒಂದು ವಾರ್ಡಿನ ಮಟ್ಟದಲ್ಲಿ ಅದು ಇವತ್ತಿಗೂ ಸಾಧ್ಯ. ಅಲ್ಲಿ ಗೆದ್ದ ನಂಬಿಕೆಯೇ ಮುಂದಿನ ಚುನಾವಣೆಯ ಬಂಡವಾಳ. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಗುಡಿಗೆ ಹಣ ಕೊಡುವ ನೆಪದಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು, ಚುನಾವಣಾ ಆಯೋಗ ಕ್ರಮಕ್ಕೆ ಮುಂದಾಯಿತು. ದೇವರ ಹೆಸರು ಹೇಳಿದರೂ ಅದು ಬಡವನ ನಿಲ್ಲುವ ಹಕ್ಕನ್ನು ಕಸಿದುಕೊಳ್ಳುವ ಕೆಲಸ. ನಿಮ್ಮೂರಲ್ಲಿ ಅಂಥ ಮಾತು ಬಂದರೆ ಎದ್ದು ನಿಂತು ಬೇಡವೆನ್ನಿ.

ಸೋಲಿನ ಮಾತನ್ನೂ ಆಡಲೇಬೇಕು. ನಮ್ಮ ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ ಬಿ. ಶಂಕರಾನಂದರು 1967ರಿಂದ 1991ರವರೆಗೆ ಸತತ ಏಳು ಸಲ ಗೆದ್ದರು. ಆರೋಗ್ಯ, ಪೆಟ್ರೋಲಿಯಂ ಸೇರಿದಂತೆ ದೊಡ್ಡ ಖಾತೆಗಳ ಮಂತ್ರಿಯಾದರು. 1996ರಲ್ಲಿ ಅವರೂ ಸೋತರು, ರತ್ನಮಾಲಾ ಸವಣೂರ ಗೆದ್ದರು. ಸಬ್ ಇನ್‌ಸ್ಪೆಕ್ಟರ್ ನೌಕರಿ ಬಿಟ್ಟು ಬಂದ ಪಿ. ರಾಜೀವ್ ಅವರನ್ನು ಕುಡಚಿಯ ಜನ 2013ರಲ್ಲೂ 2018ರಲ್ಲೂ ಗೆಲ್ಲಿಸಿದರು, 2023ರಲ್ಲಿ ಮನೆಗೆ ಕಳಿಸಿದರು. 2014ರಲ್ಲಿ ಚಿಕ್ಕೋಡಿ ಲೋಕಸಭೆಯ ಫಲಿತಾಂಶ ನಿರ್ಧಾರವಾದದ್ದು 3,003 ಮತಗಳ ಅಂತರದಲ್ಲಿ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಒಬ್ಬ ಅಭ್ಯರ್ಥಿ ಒಂದೇ ಒಂದು ಮತದಿಂದ ಸೋತರು. ಮತದಾರನ ಮನಸ್ಸು ಯಾರ ಸ್ವತ್ತೂ ಅಲ್ಲ, ಹಾಗಿರುವುದೇ ಪ್ರಜಾಪ್ರಭುತ್ವದ ಬಲ. ಆದರೆ ರಾಜಕಾರಣವನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಸೋತ ಮರುದಿನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಪಂಚಾಯತಿಯ ಗೌರವಧನದಲ್ಲಿ ಸಂಸಾರ ನಡೆಯುವುದಿಲ್ಲ. ಸರಕಾರಿ ನೌಕರಿ ಬಿಟ್ಟು ನಿಂತರೆ ಸೋತಾಗ ಆ ನೌಕರಿ ಮರಳಿ ಕಾದಿರುವುದಿಲ್ಲ. ಒಕ್ಕಲುತನವಿರಲಿ, ಅಂಗಡಿ, ಹೈನುಗಾರಿಕೆ, ವಕೀಲಿಕೆ, ಯಾವುದಾದರೂ ಇರಲಿ, ನಿಮ್ಮ ಬದುಕಿಗೆ ನಿಮ್ಮದೇ ಆಧಾರ ಇರಬೇಕು. ಅದು ಇದ್ದವನು ಸೋತರೂ ತಲೆ ಎತ್ತಿ ನಡೆಯುತ್ತಾನೆ, ಗೆದ್ದರೆ ಯಾರ ಮುಂದೆಯೂ ಕೈಯೊಡ್ಡುವುದಿಲ್ಲ.

ಗಡಿಯ ಯುವಕರಿಗೆ ವಿಶೇಷವಾಗಿ ಒಂದು ಮಾತು. ನಮ್ಮ ಊರುಗಳಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಬೀಗರು ಆ ಕಡೆಯೂ ಇದ್ದಾರೆ, ಈ ಕಡೆಯೂ ಇದ್ದಾರೆ. ನಿಪ್ಪಾಣಿಯ ಮಕ್ಕಳು ಓದುವ ದೇವಚಂದ ಕಾಲೇಜು ಇರುವುದು ಗಡಿಯಾಚೆಯ ಅರ್ಜುನನಗರದಲ್ಲಿ. ನಾವು ಕನ್ನಡದವರು. ಕನ್ನಡ ಶಾಲೆ ಉಳಿಯಬೇಕು, ಪಂಚಾಯತಿಯ ಕಾಗದಪತ್ರ ಕನ್ನಡದಲ್ಲಿ ಚೊಕ್ಕಟವಾಗಿ ನಡೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರಾಠಿ ಮಾತಾಡುವ ಅಜ್ಜ ಪಿಂಚಣಿಯ ಅರ್ಜಿ ಹಿಡಿದು ಬಂದರೆ ಅವನ ಮಾತಿನಲ್ಲೇ ಕೇಳಿ, ಅವನ ಅರ್ಜಿಯನ್ನು ಕನ್ನಡದಲ್ಲಿ ಬರೆದು ಕೊಡಬಲ್ಲವನೇ ಇಲ್ಲಿ ನಿಜವಾದ ಜನಪ್ರತಿನಿಧಿ. ಕನ್ನಡದ ಬಗ್ಗೆ ಗೌರವ ಬೆಳೆಯುವುದೂ ಹಾಗೆಯೇ. ಎರಡು ಭಾಷೆಯ ನಡುವೆ ಬೆಂಕಿ ಹಚ್ಚಿ ಗೆದ್ದವರಿಂದ ಯಾವ ಓಣಿಗೂ ನೀರು ಬಂದಿಲ್ಲ.

ಹೆಣ್ಣುಮಕ್ಕಳ ಮನೆಯವರಿಗೂ ಒಂದು ವಿನಂತಿ. ಮೀಸಲು ಬಂತೆಂದು ಸೊಸೆಯ ಹೆಸರಿನಲ್ಲಿ ನಾಮಪತ್ರ ಹಾಕಿ, ಸಭೆಗೆ ಮಗ ಹೋಗಿ ಕೂರುವುದು ನಿಲ್ಲಬೇಕು. ಗೆದ್ದವಳು ಅವಳು, ಸಹಿಯ ಹೊಣೆ ಅವಳದು, ತಪ್ಪಾದರೆ ನೋಟಿಸು ಬರುವುದೂ ಅವಳ ಹೆಸರಿಗೆ. ವಖಾರಿಯಲ್ಲಿ ದುಡಿಯುತ್ತಲೇ ಮಾಲಕರ ಎದುರು ಕುಳಿತು ಮಾತಾಡಿದ ತಾಯಂದಿರ ಸೀಮೆ ಇದು. ಓದಿದ ಸೊಸೆ ಅಧ್ಯಕ್ಷರ ಖುರ್ಚಿಯಲ್ಲಿ ಕುಳಿತು ಮಾತಾಡಲಾರಳೇ? ಮೊದಲ ಆರು ತಿಂಗಳು ತಡವರಿಸಿದರೂ ಅವಳೇ ಕಲಿಯಲಿ. ಅವಳು ಸಭೆಗೆ ಹೋದ ದಿನ ಮನೆಯ ಅಡಿಗೆ ಇನ್ನೊಬ್ಬರು ಮಾಡಲಿ.

ಕೇಳುಗರೇ, ಯಾರು ನಿಲ್ಲಬೇಕು ಎಂದು ಕೊನೆಗೆ ಕೇಳಿದರೆ ನಾನು ಮೂರು ಪ್ರಶ್ನೆ ಇಡುತ್ತೇನೆ. ನಿಮ್ಮ ವಾರ್ಡಿನ ಯಾವ ಕಷ್ಟ ನೀಗಿಸಲು ನೀವು ನಿಲ್ಲುತ್ತಿದ್ದೀರಿ, ಒಂದೇ ವಾಕ್ಯದಲ್ಲಿ ಹೇಳಬಲ್ಲಿರಾ? ಸೋತರೂ ಆ ಕೆಲಸ ಮುಂದುವರಿಸುತ್ತೀರಾ? ನಿಮ್ಮ ಮನೆಯ ಅನ್ನ ಆ ಖುರ್ಚಿಯನ್ನು ನಂಬಿಕೊಂಡಿಲ್ಲವಷ್ಟೇ? ಮೂರಕ್ಕೂ ಎದೆಯ ಮೇಲೆ ಕೈಯಿಟ್ಟು ಉತ್ತರ ಹೇಳಬಲ್ಲವರು ಹಿಂಜರಿಯಬೇಡಿ. ಜಾತಿ ಸಣ್ಣದು, ಮನೆತನ ದೊಡ್ಡದಲ್ಲ, ಹಿಂದೆ ಯಾರೂ ಇಲ್ಲ ಎಂದು ಕೂರಬೇಡಿ. 1937ರಲ್ಲಿ ಬೆಳಗಾವಿ ಉತ್ತರದಿಂದ ಗೆದ್ದ ವರಾಳೆಯವರ ಹಿಂದೆಯೂ ದೊಡ್ಡ ಮನೆತನವಿರಲಿಲ್ಲ, ಮಾಡಿದ ಕೆಲಸವಿತ್ತು.

ತಯಾರಿಗಾಗಿ ಚುನಾವಣೆಯ ದಿನಾಂಕ ಕಾಯಬೇಕಾಗಿಲ್ಲ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿ. ನಿಮ್ಮ ಪಂಚಾಯತಿಯ ಕಳೆದ ವರ್ಷದ ಜಮಾ ಖರ್ಚಿನ ಲೆಕ್ಕ ಕೇಳಿ ಓದಿ. ವರ್ಷಕ್ಕೆ ಕನಿಷ್ಠ ಎರಡು ಗ್ರಾಮಸಭೆ ನಡೆಯಲೇಬೇಕು. ಮುಂದಿನ ಸಭೆಯ ಡಂಗುರ ಕೇಳಿದ ದಿನ ಕೆಲಸಕ್ಕೆ ರಜೆ ಹಾಕಿ, ಪಕ್ಕದ ಮನೆಯ ಅಕ್ಕನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ನಿಮ್ಮ ಓಣಿಯ ಒಂದು ಪ್ರಶ್ನೆ ಕೇಳಿ. ಉತ್ತರ ಸಿಗುವವರೆಗೆ ಬಿಡಬೇಡಿ. ಎರಡು ವರ್ಷ ಹೀಗೆ ನಡೆದುಕೊಂಡವರು ಚುನಾವಣೆಗೆ ನಿಲ್ಲಲಿ. ಊರಿನವರು ಅವರನ್ನು ಗೆಲ್ಲಿಸಲಿ ಎಂದು ನಿಮ್ಮೆಲ್ಲರಲ್ಲಿ ಕೈಮುಗಿದು ಕೇಳುತ್ತೇನೆ.